ವಯಸ್ಕ ಸೈಕಲ್ ಸವಾರರು ಮತ್ತು ಬ್ರಿಟನ್ನಿನ 'ಹೈವೇ ಕೋಡ್': ಒಂದು ವಾಕ್ಯಕ್ಕಾಗಿ ನಡೆದ ಲಾಬಿ

ಸೈಕಲ್ ಸವಾರನು ರಸ್ತೆಯ ಯಾವ ಭಾಗದಲ್ಲಿ ಸಾಗಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಬಹುತೇಕರು ನೀಡುವ ಉತ್ತರ ಒಂದೇ. ಎಡ ಅಂಚಿನಲ್ಲಿ, ಸಾಧ್ಯವಾದಷ್ಟೂ ಅಂಚಿನಲ್ಲಿ. ಶಾಲಾ ದಿನಗಳಲ್ಲಿ ಹಿರಿಯರು ಹೇಳಿಕೊಟ್ಟ ಈ ಪಾಠವನ್ನು ನಲವತ್ತು, ಐವತ್ತು ದಾಟಿದವರೂ ಮರುಪರಿಶೀಲಿಸಿದ್ದಿಲ್ಲ. ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಚಲಾಯಿಸುವ ಬ್ರಿಟನ್ನಿನಲ್ಲಿಯೂ ದೀರ್ಘಕಾಲ ಇದೇ ತಿಳಿವಳಿಕೆ ರೂಢಿಯಲ್ಲಿತ್ತು. ಆದರೆ ಅಲ್ಲಿನ ಸರ್ಕಾರದ ಅಧಿಕೃತ ರಸ್ತೆ ಕೈಪಿಡಿಯಾದ 'ಹೈವೇ ಕೋಡ್'ನ 72ನೇ ನಿಯಮ ಈಗ ಬೇರೆಯೇ ಮಾತನ್ನು ಹೇಳುತ್ತದೆ. ಶಾಂತವಾದ ರಸ್ತೆಗಳಲ್ಲಿ, ನಿಧಾನಗತಿಯ ವಾಹನ ಸಂಚಾರದ ನಡುವೆ ಹಾಗೂ ಕೂಡುರಸ್ತೆಗಳನ್ನು ಸಮೀಪಿಸುವಾಗ ಸೈಕಲ್ ಸವಾರನು ತನ್ನ ಲೇನಿನ ಮಧ್ಯದಲ್ಲಿ ಸಾಗಬೇಕು. ವೇಗದ ಸಂಚಾರವಿರುವ ರಸ್ತೆಗಳಲ್ಲಿಯೂ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ದೂರ ಉಳಿಯಬೇಕು ಎಂಬುದು ಅದರ ಸಾರ.

ಈ ಮಾತು ಕೈಪಿಡಿಯೊಳಗೆ ತಾನಾಗಿ ಬಂದು ಕುಳಿತದ್ದಲ್ಲ. ಅದರ ಹಿಂದೆ ದಶಕಗಳ ಪತ್ರ ವ್ಯವಹಾರ, ಒಂದು ನ್ಯಾಯಾಲಯ ಪ್ರಕರಣ, ಸಂಸತ್ ಸದಸ್ಯರ ಮೇಲಿನ ಒತ್ತಡ ಇವೆಲ್ಲವೂ ಇವೆ.

ಕೈಪಿಡಿಯ ಮಾತಿಗೆ ನ್ಯಾಯಾಲಯದಲ್ಲಿರುವ ಬೆಲೆ

ಹೈವೇ ಕೋಡ್ ಮೊದಲು ಪ್ರಕಟವಾದದ್ದು 1931ರಲ್ಲಿ. ಆಗ ಅದರ ಬೆಲೆ ಒಂದು ಪೆನ್ನಿ, ಸಾರಿಗೆ ಸಚಿವರು ಹರ್ಬರ್ಟ್ ಮಾರಿಸನ್. ಕಾರು ಕಲಿಯುವವರು ಪರೀಕ್ಷೆಗೆಂದು ಓದಿ ಮರೆಯುವ ಕಿರುಹೊತ್ತಿಗೆ ಎಂದು ಇದನ್ನು ಹಗುರವಾಗಿ ಕಾಣುವವರೇ ಹೆಚ್ಚು. ವಾಸ್ತವದಲ್ಲಿ ಅದರ ಪ್ರತಿಯೊಂದು ಕ್ರಿಯಾಪದಕ್ಕೂ ತೂಕವಿದೆ. ಕಾಯ್ದೆಯ ಬೆಂಬಲವಿರುವ ನಿಯಮಗಳಲ್ಲಿ 'ಮಾಡಲೇಬೇಕು' ಎಂಬ ಪದಪ್ರಯೋಗವಿರುತ್ತದೆ. ಉಲ್ಲಂಘಿಸಿದರೆ ಅದೇ ಅಪರಾಧ. ಉಳಿದವುಗಳಲ್ಲಿ 'ಮಾಡತಕ್ಕದ್ದು' ಎಂಬ ಸಲಹೆಯ ಧ್ವನಿ ಇರುತ್ತದೆ.

ಸಲಹೆಯನ್ನು ಪಾಲಿಸದಿದ್ದರೆ ಏನಾಗುತ್ತದೆ? 1988ರ ರಸ್ತೆ ಸಂಚಾರ ಕಾಯ್ದೆಯ 38ನೇ ಸೆಕ್ಷನ್ ಇದಕ್ಕೆ ಉತ್ತರಿಸುತ್ತದೆ. ಕೋಡ್ ಪಾಲಿಸದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಆದರೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆಯಲ್ಲಿ ಹೊಣೆಗಾರಿಕೆಯನ್ನು ಸಾಬೀತುಪಡಿಸಲು, ಇಲ್ಲವೇ ಅಲ್ಲಗಳೆಯಲು, ಆ ಸಂಗತಿಯನ್ನು ಬಳಸಿಕೊಳ್ಳಬಹುದು. ಅರ್ಥಾತ್, ಕಾರು ಬಡಿದು ಕಾಲು ಮುರಿದುಕೊಂಡ ಸವಾರ ಪರಿಹಾರ ಕೋರಿದಾಗ ವಿಮಾ ಕಂಪನಿಯ ವಕೀಲರು ಕೋಡ್ ತೆರೆದು, 'ಇಂತಹ ಸಲಹೆಯನ್ನು ಇವರು ಪಾಲಿಸಿರಲಿಲ್ಲ, ತಪ್ಪಿನಲ್ಲಿ ಇವರ ಪಾಲೂ ಇದೆ' ಎಂದು ವಾದಿಸಬಹುದು.

ಇದು ಕೇವಲ ಊಹೆಯಲ್ಲ. 2009ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಮುಂದೆ ಬಂದ ಪ್ರಕರಣವೊಂದರಲ್ಲಿ, ಹೆಲ್ಮೆಟ್ ಧರಿಸದ ಸೈಕಲ್ ಸವಾರನ ಪರಿಹಾರವನ್ನು ತಾತ್ವಿಕವಾಗಿ ಕಡಿತಗೊಳಿಸಬಹುದು ಎಂಬ ಅಭಿಪ್ರಾಯ ವ್ಯಕ್ತವಾಯಿತು. ಬ್ರಿಟನ್ನಿನಲ್ಲಿ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸುವ ಕಾನೂನಿಲ್ಲ; ಇದ್ದದ್ದು ಹೈವೇ ಕೋಡ್‌ನ ಸಲಹೆ ಮಾತ್ರ. ಆ ನಿರ್ದಿಷ್ಟ ಪ್ರಕರಣದಲ್ಲಿ ಹೆಲ್ಮೆಟ್ ಇದ್ದರೂ ಗಾಯದ ತೀವ್ರತೆ ತಗ್ಗುತ್ತಿತ್ತು ಎಂಬುದು ಸಾಬೀತಾಗದ ಕಾರಣ ಪರಿಹಾರ ಕಡಿತವಾಗಲಿಲ್ಲ. ಆದರೂ ಸಲಹೆಯ ಮಾತು ಎಷ್ಟು ದೂರ ಚಾಚಬಲ್ಲದು ಎಂಬುದು ಅಲ್ಲಿ ಸ್ಪಷ್ಟವಾಯಿತು.

ಮಕ್ಕಳಿಗೆ ಪಾಠ, ಹಿರಿಯರಿಗೆ ಮೌನ

ಬ್ರಿಟನ್ನಿನಲ್ಲಿ ಸೈಕಲ್ ಸವಾರರಿಗೆ ರಸ್ತೆ ಶಿಕ್ಷಣ ಇರಲಿಲ್ಲವೆಂದಲ್ಲ. ಅಪಘಾತ ತಡೆಗಾಗಿ ದುಡಿಯುವ ರಾಯಲ್ ಸೊಸೈಟಿ, ಅಂದರೆ 'ರೋಸ್ಪಾ', 1940ರ ದಶಕದಲ್ಲಿ ಆರಂಭಿಸಿದ ಸೈಕ್ಲಿಂಗ್ ಪ್ರಾವೀಣ್ಯ ಪರೀಕ್ಷೆ 1958ರಿಂದ ಸರ್ಕಾರದ ನೆರವಿನೊಂದಿಗೆ ದೇಶಾದ್ಯಂತ ಹರಡಿತು. ಶಾಲೆಯ ಅಂಗಳದಲ್ಲಿ ಬಿಳಿ ಗೆರೆ ಎಳೆದು, ಕೈ ಸನ್ನೆ ತೋರಿಸಲು ಕಲಿಸಿ, ಉತ್ತೀರ್ಣರಾದವರಿಗೆ ಬಿಲ್ಲೆ ಕೊಡುವ ಕ್ರಮ ಅದು. ಒಂದಿಡೀ ತಲೆಮಾರು ಅದನ್ನು ಅಕ್ಕರೆಯಿಂದ ನೆನೆಯುತ್ತದೆ.

ಆದರೆ ಪರೀಕ್ಷೆಯ ಗುರಿ ಮಕ್ಕಳಾಗಿದ್ದರು. ಮನೆಯ ಬೀದಿಯಲ್ಲಿ ನಿಧಾನವಾಗಿ ಸೈಕಲ್ ತುಳಿಯುವ ಹತ್ತರ ಬಾಲಕನಿಗೂ, ದಿನವೂ ಹತ್ತು ಮೈಲಿ ದೂರದ ಕಚೇರಿಗೆ ಲಾರಿ ಬಸ್ಸುಗಳ ನಡುವೆ ಸಾಗುವ ವಯಸ್ಕನಿಗೂ ಬೇಕಾದ ತಿಳಿವಳಿಕೆ ಒಂದೇ ಅಲ್ಲ. ವೃತ್ತದಲ್ಲಿ ಯಾವ ಲೇನ್ ಹಿಡಿಯಬೇಕು, ನಿಂತ ಕಾರುಗಳ ಬಾಗಿಲಿನಿಂದ ಎಷ್ಟು ದೂರವಿರಬೇಕು, ಎಡಕ್ಕೆ ತಿರುಗುವ ಲಾರಿಯ ಪಕ್ಕಕ್ಕೆ ಏಕೆ ಹೋಗಬಾರದು, ಇಕ್ಕಟ್ಟಾದ ರಸ್ತೆಯಲ್ಲಿ ಹಿಂದಿನಿಂದ ಹಾರ್ನ್ ಮಾಡುವ ಚಾಲಕನಿಗೆ ದಾರಿ ಬಿಡಬೇಕೇ ಬೇಡವೇ? ಇಂತಹ ಪ್ರಶ್ನೆಗಳಿಗೆ ಅಧಿಕೃತ ಸಾಹಿತ್ಯದಲ್ಲಿ ಉತ್ತರ ಹುಡುಕಿದವನಿಗೆ ಹೆಚ್ಚಾಗಿ ಸಿಗುತ್ತಿದ್ದುದು ಹೆಲ್ಮೆಟ್ ಧರಿಸಿ, ಹೊಳೆಯುವ ಅಂಗಿ ತೊಡಿ, ಅಂಚಿನಲ್ಲಿರಿ ಎಂಬ ಉಪದೇಶ.

ಈ ಕೊರತೆಯನ್ನು ಮೊದಲು ಗಂಭೀರವಾಗಿ ತುಂಬಿದ್ದು ಸರ್ಕಾರವಲ್ಲ, ಜಾನ್ ಫ್ರಾಂಕ್ಲಿನ್ ಎಂಬ ಸೈಕ್ಲಿಂಗ್ ತಜ್ಞರು. 1988ರಲ್ಲಿ ಪ್ರಕಟವಾದ ಅವರ 'ಸೈಕಲ್‌ಕ್ರಾಫ್ಟ್' ಪುಸ್ತಕ ಎರಡು ಸ್ಥಾನಗಳನ್ನು ವಿವರಿಸುತ್ತದೆ. ಚಲಿಸುವ ವಾಹನಗಳ ಎಡ ಲೇನಿನ ನಟ್ಟನಡುವೆ ಸಾಗುವುದು ಪ್ರಾಥಮಿಕ ಸ್ಥಾನ. ಆ ವಾಹನಗಳ ಸಾಲಿನಿಂದ ಸುಮಾರು ಒಂದು ಮೀಟರ್ ಎಡಕ್ಕೆ, ಆದರೆ ರಸ್ತೆಯಂಚಿನಿಂದ ಅರ್ಧ ಮೀಟರಿಗಿಂತ ಹತ್ತಿರವಾಗದಂತೆ ಸಾಗುವುದು ದ್ವಿತೀಯ ಸ್ಥಾನ. ಇದರ ತರ್ಕ ಸರಳ. ಚಾಲಕರ ಕಣ್ಣು ವಾಹನಗಳು ಬರುವ ಜಾಗವನ್ನು ನೋಡುತ್ತದೆ, ಚರಂಡಿಯ ಅಂಚನ್ನಲ್ಲ. ಅಂಚಿಗೆ ಸರಿದಷ್ಟೂ ಸವಾರ ಕಣ್ಮರೆಯಾಗುತ್ತಾನೆ, ಜಾಗವಿಲ್ಲದ ಕಡೆಯೂ ಕಾರಿನವನು ಹಿಂದಿಕ್ಕಲು ಯತ್ನಿಸುತ್ತಾನೆ. ಹಲವರಿಗೆ ಇದು ವಿಪರೀತವೆನಿಸಬಹುದು. ಆದರೆ ದಿನವೂ ಸೈಕಲ್ ತುಳಿಯುವವರಿಗೆ ಅನುಭವದಿಂದ ಗೊತ್ತಿದ್ದ ಸಂಗತಿಗೆ ಇಲ್ಲಿ ಹೆಸರು ಸಿಕ್ಕಿತ್ತು. ಮುಂದೆ ಈ ಪುಸ್ತಕವನ್ನು ಸರ್ಕಾರಿ ಪ್ರಕಟಣೆಗಳನ್ನು ಹೊರತರುವ ಸಂಸ್ಥೆಯೇ ಪ್ರಕಟಿಸಿತು. 2007ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಪ್ರಾವೀಣ್ಯ ಪರೀಕ್ಷೆಯ ಜಾಗಕ್ಕೆ ಬಂದ ಮೂರು ಹಂತಗಳ 'ಬೈಕೆಬಿಲಿಟಿ' ತರಬೇತಿಯೂ ಇದೇ ಚಿಂತನೆಯನ್ನು ಆಧರಿಸಿತು. ಆದರೆ ವಿಚಿತ್ರವೆಂದರೆ, ತರಬೇತುದಾರರು ಒಂದನ್ನು ಕಲಿಸುತ್ತಿದ್ದರೆ ಹೈವೇ ಕೋಡ್ ಆ ವಿಷಯದಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ.

ಟೆಲ್‌ಫರ್ಡ್ ಪ್ರಕರಣ

ಅದೇ ಹೊತ್ತಿಗೆ, ಅಂದರೆ 2006ರಲ್ಲಿ, ಹೈವೇ ಕೋಡ್‌ನ ಪರಿಷ್ಕೃತ ಕರಡು ಸಾರ್ವಜನಿಕರ ಅಭಿಪ್ರಾಯಕ್ಕೆ ಬಂತು. 1999ರ ಆವೃತ್ತಿಯಲ್ಲಿ 'ಅನುಕೂಲವಿದ್ದಾಗ ಸೈಕಲ್ ಮಾರ್ಗಗಳನ್ನು ಬಳಸಿ' ಎಂಬ ಅರ್ಥದ ಮೃದುವಾದ ಸಲಹೆಯಿತ್ತು. ಹೊಸ ಕರಡಿನ ಮಾತು ಅದಕ್ಕಿಂತ ಬಿಗಿಯಾಗಿತ್ತು. ಸೈಕಲ್ ಸೌಲಭ್ಯಗಳಿರುವ ಕಡೆ ಅವನ್ನೇ ಬಳಸಬೇಕೆಂಬ ಧ್ವನಿ ಅದರಲ್ಲಿತ್ತು. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನಿದೆ ಎನಿಸುತ್ತದೆ. ಪಥ ಕಟ್ಟಿಕೊಟ್ಟ ಮೇಲೆ ಬಳಸಲು ಹೇಳುವುದು ಸಹಜವಲ್ಲವೇ?

ಉತ್ತರ ಪಥಗಳ ಗುಣಮಟ್ಟದಲ್ಲಿದೆ. ಬ್ರಿಟನ್ನಿನ ಅನೇಕ ಸೈಕಲ್ ಪಥಗಳು ಪಾದಚಾರಿ ಮಾರ್ಗದ ಮೇಲೆ ಬಿಳಿ ಬಣ್ಣ ಬಳಿದು ಮಾಡಿದಂಥವು. ಪ್ರತಿ ಅಡ್ಡರಸ್ತೆಯಲ್ಲೂ ನಿಂತು ದಾರಿ ಬಿಡಬೇಕು. ಕೆಲವು ಕಡೆ ಪಥದ ಮಧ್ಯೆಯೇ ದೀಪದ ಕಂಬ, ಕೆಲವು ಕಡೆ ಹತ್ತಾರು ಅಡಿಗೆ ಪಥವೇ ಸಮಾಪ್ತಿ. ವಾರಿಂಗ್ಟನ್ ಪಟ್ಟಣದ ಸೈಕಲ್ ಹೋರಾಟಗಾರರು ಇಂತಹ ವಿಡಂಬನೆಗಳ ಛಾಯಾಚಿತ್ರಗಳನ್ನು ತಿಂಗಳಿಗೊಂದರಂತೆ ಪ್ರಕಟಿಸಿ, 2007ರಲ್ಲಿ ಅವನ್ನು ಪುಸ್ತಕವನ್ನಾಗಿಯೂ ಹೊರತಂದರು. ನಗು ತರಿಸುವ ಆ ಚಿತ್ರಗಳನ್ನು ಬೆಂಗಳೂರಿನ ಪಾದಚಾರಿ ಮಾರ್ಗಗಳಲ್ಲಿ ನಡೆದವರು ಕಂಡರೆ ಬಂಧುಗಳನ್ನು ಕಂಡಂತಾದೀತು!

ಕರಡಿನ ಚರ್ಚೆ ನಡೆಯುತ್ತಿದ್ದಾಗಲೇ ಷ್ರಾಪ್‌ಷೈರ್ ಪ್ರಾಂತ್ಯದ ಟೆಲ್‌ಫರ್ಡ್ ಪಟ್ಟಣದ ಸೈಕಲ್ ಸವಾರರೊಬ್ಬರಿಗೆ ನ್ಯಾಯಾಲಯ ದಂಡ ವಿಧಿಸಿತು. ಅವರು ರಸ್ತೆಯ ಪಕ್ಕದಲ್ಲಿದ್ದ ಸೈಕಲ್ ಪಥ ಬಿಟ್ಟು ಮುಖ್ಯ ರಸ್ತೆಯಲ್ಲಿ, ತರಬೇತಿ ಕೈಪಿಡಿಗಳು ಹೇಳುವ ಸ್ಥಾನದಲ್ಲಿಯೇ ಸಾಗುತ್ತಿದ್ದರು. ಹಿಂದಿನ ವಾಹನಗಳಿಗೆ ಅಡಚಣೆಯಾಯಿತೆಂದು ಪೊಲೀಸರು 'ಇತರರ ಬಗ್ಗೆ ಪರಿಗಣನೆಯಿಲ್ಲದೆ ಸೈಕಲ್ ಚಲಾಯಿಸಿದ' ಆರೋಪ ಹೊರಿಸಿದರು. ಕೆಳ ನ್ಯಾಯಾಲಯ ಪಥವನ್ನು ಬಳಸಬೇಕಿತ್ತು ಎಂಬ ನಿಲುವು ತಾಳಿ 100 ಪೌಂಡ್ ದಂಡ ಹಾಗೂ 200 ಪೌಂಡ್ ವೆಚ್ಚ ಹಾಕಿತು. ಪಥ ಬಳಸುವುದು ಕಡ್ಡಾಯವೆಂದು ಯಾವ ಕಾನೂನಿನಲ್ಲಿಯೂ ಇರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

1878ರಲ್ಲಿ ಸ್ಥಾಪನೆಯಾದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ (ಸಿಟಿಸಿ) ಈ ಪ್ರಕರಣದಲ್ಲಿ ಅಪಾಯದ ಮುನ್ಸೂಚನೆ ಕಂಡಿತು. ಮೃದು ಸಲಹೆ ಇದ್ದಾಗಲೇ ಹೀಗಾದರೆ, ಕರಡಿನ ಬಿಗಿಯಾದ ವಾಕ್ಯ ಜಾರಿಯಾದ ಮೇಲೆ ಗತಿಯೇನು? ಸೈಕಲ್ ಸವಾರರ ಕಾನೂನು ನಿಧಿಯೊಂದರ ನೆರವಿನಿಂದ ಮೇಲ್ಮನವಿ ಸಲ್ಲಿಕೆಯಾಯಿತು. 2007ರ ಆರಂಭದಲ್ಲಿ ಷ್ರೂಸ್‌ಬರಿಯ ಕ್ರೌನ್ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿತು.

ಸಂಸತ್ತಿನ ನಲವತ್ತು ದಿನ

ಬ್ರಿಟನ್ನಿನ ಕಾನೂನಿನಂತೆ ಹೈವೇ ಕೋಡ್‌ನ ತಿದ್ದುಪಡಿಗಳನ್ನು ಸಂಸತ್ತಿನ ಮುಂದೆ ನಲವತ್ತು ದಿನ ಇಡಬೇಕು. ಆ ಅವಧಿಯಲ್ಲಿ ಯಾವುದಾದರೊಂದು ಸದನ ನಿರ್ಣಯ ಅಂಗೀಕರಿಸಿ ಅದನ್ನು ತಡೆಯಬಹುದು. ಸಾಮಾನ್ಯವಾಗಿ ಯಾರೂ ಗಮನಿಸದ ಈ ವಿಧಿಯನ್ನು ಸಿಟಿಸಿ ಚೆನ್ನಾಗಿ ಬಳಸಿಕೊಂಡಿತು. ತಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ನೇರವಾಗಿ ಪತ್ರ ಬರೆಯುವಂತೆ ಸದಸ್ಯರಿಗೆ ಕರೆ ನೀಡಿತು; ಸಾವಿರಾರು ಪತ್ರಗಳು ಹೋದವು. ಹೋರಾಟಗಾರರು ಕೇವಲ ವಿರೋಧಿಸಲಿಲ್ಲ, ಕರಡಿನ ಬದಲು ಯಾವ ಪದಗಳಿರಬೇಕೆಂಬುದನ್ನೂ ಬರೆದುಕೊಟ್ಟರು. ಲಾಬಿ ಎಂಬ ಪದಕ್ಕೆ ನಮ್ಮಲ್ಲಿ ಕೆಟ್ಟ ವಾಸನೆ ಅಂಟಿಕೊಂಡಿದೆ. ಆದರೆ ಅಧಿಕಾರಿಯ ಮೇಜಿನ ಮೇಲೆ ತಿದ್ದಿದ ವಾಕ್ಯವನ್ನೇ ಇಡುವ ಈ ಬಗೆ, ಧಿಕ್ಕಾರ ಕೂಗುವುದಕ್ಕಿಂತ ಹೆಚ್ಚು ಫಲ ಕೊಟ್ಟಿತು ಎಂದೇ ಹೇಳಬೇಕು.

ಸರ್ಕಾರ ಮಣಿಯಿತು. 2007ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಆವೃತ್ತಿಯಲ್ಲಿ, ಸೈಕಲ್ ಸೌಲಭ್ಯಗಳನ್ನು ಬಳಸುವುದು ಕಡ್ಡಾಯವಲ್ಲ, ಅದು ಸವಾರನ ಅನುಭವ ಮತ್ತು ಕೌಶಲವನ್ನು ಅವಲಂಬಿಸಿರುತ್ತದೆ ಎಂಬ ಸ್ಪಷ್ಟನೆ ಸೇರಿತು. ಒಂದೇ ವಾಕ್ಯ. ಆದರೆ ಮುಂದೆ ಯಾವ ಪೊಲೀಸನಾಗಲಿ ವಕೀಲನಾಗಲಿ ಪಥ ಬಳಸಲಿಲ್ಲವೆಂದು ಬೆರಳು ತೋರಿದರೆ ಸವಾರನ ಕೈಯಲ್ಲಿ ಅದೇ ಉತ್ತರ.

ಈ ನಿಲುವಿಗೆ ಸೈಕಲ್ ವಲಯದೊಳಗೇ ವಿಮರ್ಶಕರಿದ್ದಾರೆ ಎಂಬುದನ್ನೂ ಹೇಳಬೇಕು. 1934ರ ಡಿಸೆಂಬರಿನಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಬದಿಯಲ್ಲಿ ಸಚಿವ ಹೋರ್-ಬೆಲಿಷಾ ದೇಶದ ಮೊದಲ ಪ್ರತ್ಯೇಕ ಸೈಕಲ್ ಪಥವನ್ನು ಉದ್ಘಾಟಿಸಿದಾಗಲೂ ಸಿಟಿಸಿ ವಿರೋಧಿಸಿತ್ತು; ರಸ್ತೆಯಿಂದಲೇ ತಮ್ಮನ್ನು ಹೊರಹಾಕುವ ಮೊದಲ ಹೆಜ್ಜೆ ಇದೆಂಬ ಭಯ ಅದಕ್ಕಿತ್ತು. ಪ್ರತ್ಯೇಕ ಪಥಗಳ ಮೂಲಕವೇ ನೆದರ್ಲೆಂಡ್ಸ್ ತನ್ನ ಮಕ್ಕಳನ್ನೂ ಮುದುಕರನ್ನೂ ಸೈಕಲ್ ಮೇಲೆ ಕೂರಿಸಿದ್ದನ್ನು ಕಂಡವರಿಗೆ, ಹಳೆಯ ಕ್ಲಬ್‌ನ ಹಟ ಬ್ರಿಟನ್ನನ್ನು ಹಿಂದೆ ಉಳಿಸಿತು ಎನಿಸುವುದು ಸಹಜ. ಆ ಮಾತಿನಲ್ಲಿ ಹುರುಳಿದೆ. ಆದರೆ ಒಳ್ಳೆಯ ಪಥಗಳಿಲ್ಲದ ಊರಿನಲ್ಲಿ ಕೆಟ್ಟ ಪಥ ಬಳಸಲಿಲ್ಲವೆಂದು ದಂಡ ಹಾಕುವುದಕ್ಕೆ ಅದು ಸಮರ್ಥನೆಯಾಗದು.

ಚಾಪೆಯ ಮೇಲಿನ ಪಾಠ

ಮುಂದಿನ ಘಟ್ಟದಲ್ಲಿ ಗಮನ ಚಾಲಕರ ಕಡೆ ಹೊರಳಿತು. ಸವಾರನು ಲೇನಿನ ಮಧ್ಯದಲ್ಲಿರುವುದೇಕೆ ಎಂಬುದು ಹಿಂದಿನ ಕಾರಿನವನಿಗೆ ಗೊತ್ತಿಲ್ಲದಿದ್ದರೆ ಸವಾರನೊಬ್ಬನಿಗೆ ತಿಳಿಸಿ ಪ್ರಯೋಜನವೇನು? ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಆರಂಭಿಸಿದ ಕಾರ್ಯಾಚರಣೆ ಇಲ್ಲಿ ಉಲ್ಲೇಖಾರ್ಹ. ಸಾದಾ ಉಡುಪಿನ ಅಧಿಕಾರಿಯೊಬ್ಬರು ಸೈಕಲ್ ತುಳಿಯುತ್ತಾ ಹೋಗುತ್ತಾರೆ. ತೀರಾ ಹತ್ತಿರದಿಂದ ಹಿಂದಿಕ್ಕಿದ ವಾಹನದ ವಿವರವನ್ನು ಮುಂದಿರುವ ಸಹೋದ್ಯೋಗಿಗಳಿಗೆ ತಿಳಿಸುತ್ತಾರೆ. ಅಲ್ಲಿ ಚಾಲಕನನ್ನು ತಡೆದು, ನೆಲದ ಮೇಲೆ ಹಾಸಿದ ದೊಡ್ಡ ಚಾಪೆಯೊಂದರ ಮುಂದೆ ನಿಲ್ಲಿಸಲಾಗುತ್ತದೆ. ಚಾಪೆಯ ಮೇಲೆ ಸೈಕಲ್, ಕಾರು, ಅವುಗಳ ನಡುವಿನ ಒಂದೂವರೆ ಮೀಟರ್ ಅಂತರ ಎಲ್ಲವೂ ಅಳತೆಯಂತೆ ಚಿತ್ರಿತವಾಗಿರುತ್ತವೆ. ಸುಮಾರು ಕಾಲು ಗಂಟೆಯ ಪಾಠ, ಒಪ್ಪದವರಿಗೆ ಮೊಕದ್ದಮೆ.

ಸಿಟಿಸಿ 2016ರಲ್ಲಿ 'ಸೈಕ್ಲಿಂಗ್ ಯುಕೆ' ಎಂಬ ಹೊಸ ಹೆಸರು ತಳೆದಿತ್ತು. ಅದು ಸಾರ್ವಜನಿಕರಿಂದ ಹಣ ಸಂಗ್ರಹಿಸಿ ಇತರ ಪೊಲೀಸ್ ಪಡೆಗಳಿಗೂ ಇಂತಹ ಚಾಪೆಗಳನ್ನು ಒದಗಿಸಿತು. ಪೊಲೀಸರಿಗೆ ಪಾಠೋಪಕರಣವನ್ನು ಸೈಕಲ್ ಸವಾರರೇ ಕೊಳ್ಳಬೇಕಾಗಿ ಬಂದದ್ದು ಸರ್ಕಾರಕ್ಕೆ ಶೋಭೆ ತರುವ ಸಂಗತಿಯೇನಲ್ಲ.

2022ರ ತಿದ್ದುಪಡಿ

2018ರ ಅಕ್ಟೋಬರಿನಲ್ಲಿ ಸರ್ಕಾರ ಹೈವೇ ಕೋಡ್‌ನ ಮರುಪರಿಶೀಲನೆ ಘೋಷಿಸಿತು. 2020ರ ಜುಲೈಯಿಂದ ಅಕ್ಟೋಬರ್‌ವರೆಗೆ ಅಭಿಪ್ರಾಯ ಕೇಳಿದಾಗ 20,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಸೈಕ್ಲಿಂಗ್ ಯುಕೆ ಜೊತೆಗೆ ಬ್ರಿಟಿಷ್ ಸೈಕ್ಲಿಂಗ್, ಪಾದಚಾರಿಗಳ ಪರವಾದ ಲಿವಿಂಗ್ ಸ್ಟ್ರೀಟ್ಸ್, ಕುದುರೆ ಸವಾರರ ಬ್ರಿಟಿಷ್ ಹಾರ್ಸ್ ಸೊಸೈಟಿ ಮೊದಲಾದವು ಒತ್ತಡ ಹೇರಿದ್ದವು. 2022ರ ಜನವರಿ 29ರಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ತಿದ್ದುಪಡಿ ಜಾರಿಗೆ ಬಂತು. ಉತ್ತರ ಐರ್ಲೆಂಡಿಗೆ ಪ್ರತ್ಯೇಕ ಕೋಡ್ ಇರುವುದರಿಂದ ಅಲ್ಲಿಗೆ ಇದು ಅನ್ವಯಿಸಲಿಲ್ಲ.

ರಸ್ತೆಯಲ್ಲಿ ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಎಂಬ ತತ್ತ್ವ ಅದರ ಬುನಾದಿ. ಲಾರಿಯವನ ಹೊಣೆ ಎಲ್ಲರಿಗಿಂತ ಹೆಚ್ಚು. ಪಾದಚಾರಿಯ ಎದುರು ಸೈಕಲ್ ಸವಾರನಿಗೂ ಹೊಣೆಯುಂಟು. ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ವೇಗದವರೆಗೆ ಸೈಕಲ್ ಅನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು, ವೇಗ ಹೆಚ್ಚಿದರೆ ಅಂತರವೂ ಹೆಚ್ಚಬೇಕು. ತಿರುವಿನಲ್ಲಿ ನೇರ ಸಾಗುವ ಸೈಕಲ್ಲಿಗೆ ಅಡ್ಡ ನುಗ್ಗಬಾರದು. ನಿಂತ ಕಾರುಗಳ ಪಕ್ಕದಲ್ಲಿ ಸಾಗುವ ಸವಾರ ಒಂದು ಮೀಟರ್ ದೂರವಿರಬೇಕು. ಕಾರಿನ ಬಾಗಿಲನ್ನು ಅದರಿಂದ ದೂರವಿರುವ ಕೈಯಿಂದ ತೆರೆಯಬೇಕು. ಹಾಗೆ ತೆರೆಯುವಾಗ ದೇಹ ತಾನಾಗಿ ಹೊರಳಿ ಕಣ್ಣು ಹಿಂದಕ್ಕೆ ಹರಿಯುತ್ತದೆ, ಬರುತ್ತಿರುವ ಸೈಕಲ್ ಕಾಣುತ್ತದೆ. ನಮ್ಮ ಓದುಗರು ಇದನ್ನು ಇಂದೇ ತಮ್ಮ ಕಾರಿನಲ್ಲಿ ಪರೀಕ್ಷಿಸಬಹುದು.

ನಿಯಮ ತಿದ್ದಿಸುವುದರಲ್ಲಿ ಗೆದ್ದವರು ಪ್ರಚಾರದಲ್ಲಿ ಸೋತರು. ಜಾರಿಗೆ ಮುನ್ನ ವಾಹನ ಚಾಲಕರ ಸಂಸ್ಥೆಯಾದ 'ಎಎ' ನಡೆಸಿದ ಸಮೀಕ್ಷೆಯಲ್ಲಿ ಮೂವರಲ್ಲೊಬ್ಬ ಚಾಲಕನಿಗೆ ಬದಲಾವಣೆಯ ಸುದ್ದಿಯೇ ಗೊತ್ತಿರಲಿಲ್ಲ. ಸರ್ಕಾರದ ಪ್ರಚಾರ ಆರಂಭವಾದದ್ದು ನಿಯಮ ಜಾರಿಯಾದ ಬಳಿಕ, ಫೆಬ್ರವರಿಯಲ್ಲಿ. ಅಷ್ಟರಲ್ಲಿ ಪತ್ರಿಕೆಗಳು ಆ ಖಾಲಿ ಜಾಗವನ್ನು ತುಂಬಿಬಿಟ್ಟಿದ್ದವು. ತಪ್ಪು ಕೈಯಿಂದ ಬಾಗಿಲು ತೆರೆದರೆ 1,000 ಪೌಂಡ್ ದಂಡ ಎಂಬ ಸುದ್ದಿ ಹಬ್ಬಿತು. ವಾಸ್ತವವಾಗಿ ಆ ದಂಡ, ಬಾಗಿಲು ತೆರೆದು ಇನ್ನೊಬ್ಬರಿಗೆ ಗಾಯ ಅಥವಾ ಅಪಾಯ ಉಂಟುಮಾಡುವುದಕ್ಕೆ ಮೊದಲಿನಿಂದಲೂ ಇದ್ದದ್ದು. ಯಾವ ಕೈ ಎಂಬುದು ಬರೀ ಸಲಹೆ. ಸೈಕಲ್ ಸವಾರರು ಇನ್ನು ಮುಂದೆ ಎಲ್ಲ ರಸ್ತೆಗಳಲ್ಲಿಯೂ ಮಧ್ಯದಲ್ಲೇ ಸಾಗುತ್ತಾರೆಂಬ ಅರ್ಧಸತ್ಯವೂ ಓಡಾಡಿತು. ಅಂತರದ ನಿಯಮ ಓದದ ಚಾಲಕ, ನಿಯಮ ಓದಿಕೊಂಡು ಲೇನಿನ ಮಧ್ಯಕ್ಕೆ ಬಂದ ಸವಾರ, ಇವರಿಬ್ಬರೂ ಒಂದೇ ರಸ್ತೆಯಲ್ಲಿ ಎದುರಾದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ.

ನೆರೆಯ ಐರ್ಲೆಂಡಿನಲ್ಲಿ ಇದೇ ಬೇಡಿಕೆ ಬೇರೆ ದಾರಿ ಹಿಡಿಯಿತು. ಹಿಂದಿಕ್ಕುವ ಅಂತರವನ್ನು ಕಾನೂನಿನಲ್ಲಿಯೇ ನಮೂದಿಸಬೇಕೆಂದು ಅಲ್ಲಿನ ಸವಾರರು ಪಟ್ಟು ಹಿಡಿದರೂ, ಕಾನೂನು ಸಲಹೆಯ ಮೇರೆಗೆ ಸರ್ಕಾರ ನಿರ್ದಿಷ್ಟ ಅಳತೆಯನ್ನು ಕೈಬಿಟ್ಟಿತು. ಬದಲಿಗೆ 2019ರ ನವೆಂಬರಿನಲ್ಲಿ ಸೈಕಲ್ ಸವಾರನನ್ನು ಅಪಾಯಕಾರಿಯಾಗಿ ಹಿಂದಿಕ್ಕುವುದನ್ನೇ 120 ಯೂರೋ ದಂಡದ ಅಪರಾಧವನ್ನಾಗಿ ಮಾಡಲಾಯಿತು.

ನಮ್ಮಲ್ಲಿ

ಭಾರತದಲ್ಲಿ ಸೈಕಲ್ಲಿಗೆ ಚಾಲನಾ ಪರವಾನಗಿ ಬೇಡ. ಆದ್ದರಿಂದ ವಯಸ್ಕ ಸವಾರನು ರಸ್ತೆ ನಿಯಮಗಳ ಪರೀಕ್ಷೆಯನ್ನು ಎದುರಿಸುವ ಸಂದರ್ಭವೇ ಬರುವುದಿಲ್ಲ. ಬ್ರಿಟನ್ನಿನ ಸವಾರರು ತಿದ್ದಿಸಿದಂತಹ, ಸವಾರನನ್ನೇ ಉದ್ದೇಶಿಸಿ ಬರೆದ ಅಧಿಕೃತ ಕೈಪಿಡಿ ಅವನ ಕೈಗೆ ತಲುಪಿದ್ದೂ ಇಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಂತ್ರಣಗಳು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರ ಬಗ್ಗೆ ವಿಶೇಷ ಎಚ್ಚರಿಕೆ ವಹಿಸಬೇಕೆಂದು ಚಾಲಕರಿಗೆ ಹೇಳುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರು ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು.

ಕರ್ನಾಟಕದಲ್ಲಿ 2017ರ ಕಾಯ್ದೆಯ ಮೂಲಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ರೂಪುಗೊಂಡಿದೆ. ಅದೇ ವರ್ಷ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಯೋಜನೆ ಆರಂಭವಾಗಿ, ಸೈಕಲ್ ಬಿಟ್ಟು ವರ್ಷಗಳಾಗಿದ್ದ ವಯಸ್ಕರೂ ಮತ್ತೆ ರಸ್ತೆಗಿಳಿಯಲು ಅವಕಾಶವಾಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 138(1ಎ) ಸೆಕ್ಷನ್, ಯಂತ್ರರಹಿತ ವಾಹನಗಳು ಮತ್ತು ಪಾದಚಾರಿಗಳ ಸಂಚಾರದ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ನೀಡಿದೆ. ಆ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಸೈಕಲ್ ಸವಾರನು ಲೇನಿನ ಯಾವ ಭಾಗದಲ್ಲಿ ಸಾಗಬಹುದು, ಬಣ್ಣ ಬಳಿದ ಪಥವನ್ನು ಬಿಟ್ಟರೆ ಅವನು ತಪ್ಪಿತಸ್ಥನೇ, ಹಿಂದಿಕ್ಕುವ ಬಸ್ಸು ಎಷ್ಟು ಅಂತರ ಬಿಡಬೇಕು ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯಬಹುದಾದ ಜಾಗ ಆ ನಿಯಮಗಳೇ.